ನೀರಜಾಗೆ ದಕ್ಕದ ಸೂಟಿ

ಗ್ರೀನ್‌ಫರ್ಡಿನ ಒಂದು ಪ್ರಾಥಮಿಕ ಶಾಲೆಯಲ್ಲಿ ನೀರಜಾ ಮಿಸ್ ಎಂದರೆ ಮಕ್ಕಳಿಗೆ ಪ್ರಾಣ. ಧಾರವಾಡದಿಂದ ಮದುವೆಯಾಗಿ ಇಂಗ್ಲಿಷರ ನಾಡಿಗೆ ಬಂದವಳು, ಇಲ್ಲಿ ಮತ್ತೆ ಓದಿ ಟೀಚರಾದವಳು. ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು ಪಕ್ಕಕ್ಕೆ ಕೂಡಿಸಿಕೊಂಡರೆ, ಅದು ತಡವರಿಸದೆ ಒಂದು ಪುಟ ಮುಗಿಸುವವರೆಗೂ ಅವಳಿಗೆ ಚಹಾದ ನೆನಪೂ ಆಗುತ್ತಿರಲಿಲ್ಲ.

ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ, "ಟೀಚರ್‌ಗಳದ್ದು ಆರಾಮು ಬಿಡಿ, ಸಂಬಳದ ರಜೆ" ಎಂದವರಿದ್ದರು. ರಜೆ ಎಲ್ಲಿಯದು? ನರ್ಸುಗಳ, ಬಸ್ ಡ್ರೈವರುಗಳ ಮಕ್ಕಳಿಗಾಗಿ ಶಾಲೆ ತೆರೆದೇ ಇತ್ತು. ಉಳಿದ ಮಕ್ಕಳಿಗೆ ಅಡಿಗೆಮನೆಯ ಟೇಬಲ್ಲಿನಿಂದ ಲ್ಯಾಪ್‌ಟಾಪಿನಲ್ಲಿ ಪಾಠ. ಆ ವರ್ಷ ಈಸ್ಟರ್ ರಜೆ ಹೋಯಿತು. ಕ್ರಿಸ್‌ಮಸ್ ರಜೆಯಲ್ಲೂ ಯಾವ ಮಗುವಿಗೆ ಸೋಂಕು, ಯಾರ ಪಕ್ಕ ಯಾರು ಕೂತಿದ್ದರು ಎಂದು ಮನೆಮನೆಗೆ ಫೋನು ಮಾಡುವುದೇ ಆಯಿತು. ಗಂಡ ಮಾಧವ ಮಹಡಿಯ ಮೇಲೆ ಕೂತು ತನ್ನ ಐಟಿ ಕೆಲಸ ಮಾಡುತ್ತ, ಹೊತ್ತುಹೊತ್ತಿಗೆ ಇಳಿದು ಬಂದು ಅವಳ ಮುಂದೆ ತಟ್ಟೆ ಇಟ್ಟು ಹೋಗುತ್ತಿದ್ದ. ಅನ್ನ ಆರಿ ಗಟ್ಟಿಯಾಗುತ್ತಿತ್ತು.

ಅವಳ ಅಕ್ಕ ವಿಭಾ ಕೊಲಿಂಡೇಲ್‌ನ ಫ್ಲಾಟಿನಲ್ಲಿ ಒಬ್ಬಳೇ ಇದ್ದಳು. ಅವ್ವ ಬೇಗ ತೀರಿಕೊಂಡ ಮನೆಯಲ್ಲಿ ನೀರಜಾಗೆ ಹೆರಳು ಹಾಕಿ, ಬುತ್ತಿ ಕಟ್ಟಿ ಸಾಲಿಗೆ ಕಳಿಸಿದವಳು ಅವಳೇ. ಆ ಚಳಿಗಾಲದಲ್ಲಿ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಇರುವುದು ತಿಳಿಯಿತು. ತಿಳಿಯುವಷ್ಟರಲ್ಲಿ ತಡವಾಗಿತ್ತು. ಒಂಟಿಯಾಗಿ ಇರುವವರ ಮನೆಗೆ ಒಂದು ಕುಟುಂಬದವರು ಹೋಗಿಬರಬಹುದೆಂಬ ನಿಯಮ ಇತ್ತು. ಕಾರಿನಲ್ಲಿ ಅರ್ಧ ತಾಸಿನ ದಾರಿ. ಅಡ್ಡ ಇದ್ದದ್ದು ನಿಯಮವಲ್ಲ, ಪುರುಸೊತ್ತು.

"ಫೆಬ್ರವರಿ ಸೂಟಿಗೆ ಬಂದು ವಾರ ಇರ್ತೀನಿ, ಅಕ್ಕಾ. ಖರೇನ."

"ವಾರ ಯಾಕ? ಒಂದು ದಿನಾ ಬಾ ಸಾಕು. ಅಡಿಗಿ ಬ್ಯಾಡ, ಏನೂ ಬ್ಯಾಡ. ಸುಮ್ಮ ಎದುರಿಗೆ ಕೂತ್ಕೋ."

ಫೆಬ್ರವರಿಯ ರಜೆ ಬಂತು. ಅವಳ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಮನೆ ಕಳೆದುಕೊಂಡ ಅವಳ ಸಂಸಾರವನ್ನು ಊರಿನ ಕೌನ್ಸಿಲ್‌ನವರು ಹೋಟೆಲ್ಲಿನ ಒಂದು ಕೋಣೆಯಲ್ಲಿ ಇಟ್ಟಿದ್ದರು. ಮೂವರು ಮಕ್ಕಳಿಗೆ ತಾಯಿಯದೊಂದೇ ಫೋನು. ಲ್ಯಾಪ್‌ಟಾಪಿನ ಪಾಠಕ್ಕೆ ಬರಲಾಗದೆ ಆ ಹುಡುಗಿಗೆ ಕಲಿತ ಓದೂ ಮರೆಯತೊಡಗಿತ್ತು. ತಾಯಿ ಕೆಲಸದಿಂದ ಬಂದ ಮೇಲೆ ದಿನಾ ಹುಡುಗಿಯೊಡನೆ ಫೋನಿನಲ್ಲಿ ಓದುತ್ತೇನೆಂದು ನೀರಜಾ ತಾನಾಗಿಯೇ ಒಪ್ಪಿಕೊಂಡಳು. ಅದರ ಜೊತೆಗೆ ಮುಂದಿನ ತಿಂಗಳು ಎಲ್ಲ ಮಕ್ಕಳಿಗೂ ಶಾಲೆ ತೆರೆಯುವ ತಯಾರಿ, ಮೀಟಿಂಗು, ಪಾಲಕರ ಮೆಸೇಜು. ಅಕ್ಕನ ಮನೆಗೆ ಹೊರಡುವುದು ನಾಳೆ ನಾಳೆ ಎಂದು ಮುಂದೆ ಹೋಗಿ ರಜೆಯ ಕೊನೆಯ ದಿನ, ಭಾನುವಾರಕ್ಕೆ ನಿಂತಿತು.

ಭಾನುವಾರ ಅವಲಕ್ಕಿ ಹಚ್ಚಿ ಡಬ್ಬಿಗೆ ತುಂಬಿದಳು. ಕೋಟು ಹಾಕಿಕೊಂಡು, ಒಂದು ಮೆಸೇಜಿಗೆ ಉತ್ತರಿಸಿ ಹೋಗೋಣವೆಂದು ಸೋಫಾದ ಮೇಲೆ ಕೂತವಳು ಹಾಗೆಯೇ ನಿದ್ದೆ ಹೋದಳು. ಅಷ್ಟು ದಣಿದಿದ್ದವಳನ್ನು ಎಬ್ಬಿಸಲು ಮಾಧವನಿಗೆ ಮನಸ್ಸಾಗಲಿಲ್ಲ. ಕಣ್ಣು ತೆರೆದಾಗ ಹೊರಗೆ ಕತ್ತಲು.

"ಮಲಕೊಂಡೆಲ್ಲಾ, ಛಲೋ ಆತು ಬಿಡು," ಎಂದಳು ವಿಭಾ ಫೋನಿನಲ್ಲಿ. "ನಂದೇನು, ಇಲ್ಲೇ ಇರ್ತೀನಿ."

ಮಾರ್ಚಿನಲ್ಲಿ ಎಲ್ಲ ಮಕ್ಕಳಿಗೂ ಶಾಲೆ ತೆರೆಯಿತು. ಆ ವಾರವೇ, ಪಾಠದ ನಡುವೆ, ಆಫೀಸಿನವರು ಬಂದು ಕರೆದರು. ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಮಾಧವ ಫೋನು ಮಾಡಿದ್ದ. ಆಸ್ಪತ್ರೆಯಲ್ಲಿ, ಕಡೆಗಾಲವೆಂದು, ಒಬ್ಬರನ್ನು ಒಳಗೆ ಬಿಟ್ಟರು. ಅಕ್ಕ ಮಗುವಿನಷ್ಟಾಗಿ ಮಲಗಿದ್ದಳು. ಔಷಧದ ಮಂಪರಿನಲ್ಲಿ ಒಮ್ಮೆ ಕಣ್ಣು ಬಿಟ್ಟು ಕೇಳಿದಳು:

"ಸಾಲಿ ಬಿಡ್ತೇನ, ನೀರೂ?"

"ಬಿಟ್ಟದ, ಅಕ್ಕಾ. ಸೂಟಿ ಸುರು ಆಗೇದ."

"ಹಂಗಾರ ಕೂಡು," ಎಂದಳು. ಬೆಳಕು ಹರಿಯುವ ಮುನ್ನ ಹೋದಳು.

ನೀರಜಾ ಬಹಳ ದಿನ ಮನೆಯಲ್ಲಿ ಉಳಿಯಲಿಲ್ಲ. "ಸುಮ್ಮ ಕೂತ್ರ ಹುಚ್ಚ ಹಿಡೀತದ," ಎಂದು ಕೆಲಸಕ್ಕೆ ಮರಳಿದಳು. ಸೆಪ್ಟೆಂಬರಿನಲ್ಲಿ ಹೋಟೆಲ್ಲಿನ ಕೋಣೆಯ ಆ ಹುಡುಗಿ ಶಾಲೆಗೆ ಬರಲಿಲ್ಲ. ಸಂಸಾರವನ್ನು ಬೇರೆ ಊರಿಗೆ ಕಳಿಸಿದ್ದರಂತೆ. ಎಲ್ಲಿಗೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಅಕ್ಟೋಬರಿನಲ್ಲೊಂದು ದಿನ ಹೆಡ್ ಟೀಚರ್ ಅವಳನ್ನು ಕರೆದು, ಕಳೆದ ವರ್ಷ ಬಿಟ್ಟುಕೊಟ್ಟ ರಜೆಗಳ ಬದಲಿಗೆ ಎರಡು ದಿನ ರಜೆ ಮಂಜೂರಾಗಿದೆ, ಯಾವಾಗ ಬೇಕು ಹೇಳಿ ಎಂದರು. ಒಳ್ಳೆಯ ಹೆಂಗಸು, ಅವರ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. "ಫೆಬ್ರವರೀದು ಕೊಡ್ರಿ," ಎಂದಳು ನೀರಜಾ, ಕನ್ನಡದಲ್ಲಿ. ಅವರಿಗೆ ತಿಳಿಯಲಿಲ್ಲ. ಅವಳು ಮತ್ತೆ ಅದನ್ನೇ ಹೇಳಿದಳು, ಮತ್ತೆ ಹೇಳಿದಳು. ಇಂಗ್ಲಿಷ್ ಬಾಯಿಗೆ ಬರಲೇ ಇಲ್ಲ. ಮಾಧವ ಬಂದು ಕರೆದುಕೊಂಡು ಹೋದ.

ಜಿಪಿ, ಅಂದರೆ ಮನೆಯ ಡಾಕ್ಟರು, ಅನಾರೋಗ್ಯದ ರಜೆಗೆ ಚೀಟಿ ಬರೆದುಕೊಟ್ಟರು, ತಿಂಗಳ ಮೇಲೆ ತಿಂಗಳು. ವಸಂತಕ್ಕೆ ಅವಳು ಕೆಲಸ ಬಿಟ್ಟಳು. ಮಕ್ಕಳು ಬಣ್ಣದ ಕಾಗದದಲ್ಲಿ ಮಾಡಿ ಕಳಿಸಿದ ಹೂಗಳನ್ನು ನೋಡಿ ಬಹಳ ಹೊತ್ತು ಅತ್ತಳು.

ಈಗ ಹತ್ತಿರದ ಗೋದಾಮೊಂದರ ಆಫೀಸಿನಲ್ಲಿ ಬೆಳಗಿನ ಪಾಳಿ ಮಾಡುತ್ತಾಳೆ. ಅಲ್ಲಿ ಯಾರೂ ಅವಳಿಂದ ಏನನ್ನೂ ಕಲಿಯಬೇಕಾಗಿಲ್ಲ. ಒಮ್ಮೆ ಮಾಧವ ಕೇಳಿದ, "ಮತ್ತ ಸಾಲಿಗೆ ಹೋಗಬೇಕು ಅನಸ್ತದೇನು?"

"ಅನಸ್ತದ," ಎಂದಳು. "ದಿನಾ ಅನಸ್ತದ. ಆದ್ರ ಹೋಗೂದಿಲ್ರಿ."

ಅವನು ಅವಳ ಪಕ್ಕ ಬಂದು ಕೂತ.