ಅಡುಗೆಮನೆಯಲ್ಲಿ ಬಿದ್ದ ಮಳೆ

ಆ ಚಿತ್ರದ ಮೇಲಿನ ಹನಿಗಳು ಮಳೆಯವಲ್ಲ. ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟು, ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ನೀರಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ನಾನೇ ಚಿಮುಕಿಸಿದವು. ಆ ಒಂದು ಚಿತ್ರದಿಂದಾಗಿ ಇಷ್ಟು ವರ್ಷ ಜನ ನನ್ನನ್ನು ಮಳೆಯಲ್ಲಿ ನಿಂತು ಚಿತ್ರ ಬರೆಯುವವನು ಎಂದು ಕರೆದರು. ನಾನೂ ಖುಷಿಯಿಂದ ಕರೆಸಿಕೊಂಡೆ. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ — ಮುದುಕನ ಸಣ್ಣ ಜಂಬ ಎಂದು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ಸುಳ್ಳು ಹನಿಗಳನ್ನು ಕಾಪಾಡಿಕೊಳ್ಳಲು ಒಬ್ಬ ಹೆಣ್ಣುಮಗಳ ಕೈಯಿಂದ ಕುಂಚ ಬಿಡಿಸಿದೆ. ಹೇಳಬೇಕಾಗಿರುವುದು ಅದನ್ನು.

ಪುಣೆ ಕ್ಯಾಂಪಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ತಂದೆ ಧಾರವಾಡದಿಂದ ಬಂದು ಹಾಕಿದ ಅಂಗಡಿ. ಭಾನುವಾರ ಬೆಳಿಗ್ಗೆ ಮಾತ್ರ ಅದರ ಬಾಗಿಲು ತೆರೆಯುವುದಿಲ್ಲ. ಆ ಹೊತ್ತಿಗೆ ನಾನು ನದಿಯ ಘಾಟಿನಲ್ಲೋ, ಸಿಂಹಗಡದ ಬುಡದಲ್ಲೋ, ಖಡಕವಾಸಲಾ ಅಣೆಕಟ್ಟಿನ ನೀರಿನ ಅಂಚಿನಲ್ಲೋ ಕೂತಿರುತ್ತೇನೆ. ಬಯಲಿನಲ್ಲಿ ಜಲವರ್ಣ ಚಿತ್ರ ಬರೆಯುವವರ ನಮ್ಮದೊಂದು ಸಣ್ಣ ಗುಂಪು. ಹೆಚ್ಚಿನವರು ಮರಾಠಿಯವರು. ನನ್ನ ವಯಸ್ಸಿಗೋ, ದೊಡ್ಡ ಗಂಟಲಿಗೋ ಮಣಿದು ಹಿರಿತನವನ್ನು ನನಗೆ ಬಿಟ್ಟುಕೊಟ್ಟಿದ್ದರು.

ಬಯಲಿನಲ್ಲಿ ಬರೆಯುವುದೆಂದರೆ ಅರ್ಧ ಚಿತ್ರ, ಅರ್ಧ ಜಗಳ. ಏಪ್ರಿಲ್‌ನಲ್ಲಿ ಆಕಾಶದ ಬಣ್ಣವನ್ನು ಎಡದಿಂದ ಬಲಕ್ಕೆ ಎಳೆದು ಮುಗಿಸುವಷ್ಟರಲ್ಲಿ ಎಡಗಡೆ ಒಣಗಿ ಗೆರೆ ಬಿದ್ದಿರುತ್ತದೆ. ಗಡದ ಕಡೆ ಗಾಳಿ ಎಷ್ಟು ಜೋರೆಂದರೆ ಚಿತ್ರದ ಹಲಗೆಯ ಸ್ಟ್ಯಾಂಡಿಗೆ ಕಲ್ಲು ತುಂಬಿದ ಚೀಲ ಕಟ್ಟಿದರೂ ಅದು ನಡೆದುಕೊಂಡು ಹೋಗಲು ನೋಡುತ್ತದೆ. ಮಳೆಗಾಲದಲ್ಲಿ ಯಾವುದೂ ಒಣಗುವುದಿಲ್ಲ. ಬೈಕಿನ ಬಿಸಿ ಇಂಜಿನ್ನಿನ ಹತ್ತಿರ ಕಾಗದ ಹಿಡಿದುಕೊಂಡು ನಿಂತ ನಮ್ಮನ್ನು ನೋಡಿ ದಾರಿಯಲ್ಲಿ ಹೋಗುವವರು ಗಾಡಿ ಕೆಟ್ಟಿದೆಯೇ ಎಂದು ಕೇಳುತ್ತಾರೆ. ಇದನ್ನೆಲ್ಲ ತಡೆದುಕೊಂಡು ಬರೆದ ಚಿತ್ರಕ್ಕೆ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಒಪ್ಪ ಹಾಕಿದರೆ ಏನು ಬಂತು? ಹಾಗಾಗಿ ನಮಗೊಂದು ನಿಯಮವಿತ್ತು — ಎಲ್ಲಿ ಶುರುವಾಯಿತೋ ಅಲ್ಲೇ ಮುಗಿಯಬೇಕು, ಜಾಗ ಬಿಟ್ಟ ಮೇಲೆ ಒಂದು ಗೆರೆಯನ್ನೂ ಸೇರಿಸುವಂತಿಲ್ಲ. ಆ ನಿಯಮ ತಂದವನು ನಾನೇ.

ಗಿರಿಜಾ ಗುಂಪಿಗೆ ಬಂದದ್ದು ದೌಂಡದಿಂದ. ಬೆಳಗಾವಿ ಕಡೆಯ ಹುಡುಗಿ, ಗಂಡನಿಗೆ ರೈಲ್ವೆಯಲ್ಲಿ ಕೆಲಸ, ಈಕೆ ಅಲ್ಲೇ ಒಂದು ಶಾಲೆಯಲ್ಲಿ ಟೀಚರ್. ಭಾನುವಾರ ನಸುಕಿನ ರೈಲುಗಾಡಿ ಹಿಡಿದು, ಹೆಗಲಿಗೆ ಚೀಲ, ಕಂಕುಳಲ್ಲಿ ಹಲಗೆ ಇಟ್ಟುಕೊಂಡು ಬರುತ್ತಿದ್ದಳು. ಗುಂಪಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಮೊದಲ ದಿನವೇ ನನ್ನನ್ನು ಅಣ್ಣಾರ ಎಂದಳು. ಉಳಿದವರ ಜೊತೆ ಮರಾಠಿ ಮಾತಾಡಿ ಮುಗಿಸಿ, ಚಹಾ ಕುಡಿಯುವಾಗ ನನ್ನ ಪಕ್ಕ ಬಂದು ಕೂತು, ಬಣ್ಣ ಯಾಕೆ ಕೆಸರಾಯಿತು, ಗುಡ್ಡ ಯಾಕೆ ಮುಂದೆ ಬಂತು ಎಂದು ಕನ್ನಡದಲ್ಲಿ ಕೇಳುತ್ತಿದ್ದಳು. ನಾನು ಹೇಳಿದ್ದನ್ನು ಪೂರ್ತಿ ನಂಬುತ್ತಿದ್ದಳು. ಇದನ್ನು ನೆನಪಿಡಿ, ಮುಂದೆ ನಾನು ಮಾಡಿದ್ದೆಲ್ಲ ನಡೆದದ್ದು ಈ ನಂಬಿಕೆಯ ಮೇಲೆಯೇ.

ಜುಲೈ ತಿಂಗಳ ಒಂದು ಭಾನುವಾರ ಖಡಕವಾಸಲಾದಲ್ಲಿ ಕೂತಿದ್ದೆವು. ಅರ್ಧಕ್ಕೆ ಮಳೆ ಬಂತು. ಉಳಿದವರ ಜೊತೆ ನಾನೂ ಚಿತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಚಹಾದ ಟಪರಿಯ, ಅಂದರೆ ಗೂಡಂಗಡಿಯ, ತಗಡಿನ ಕೆಳಗೆ ಓಡಿದೆ. ಗಿರಿಜಾ ಓಡಲಿಲ್ಲ. ಛತ್ರಿಯನ್ನು ಕತ್ತು ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಅಲ್ಲೇ ನಿಂತಳು. ಛತ್ರಿಯನ್ನು ಗಾಳಿ ಎಳೆದಾಗೆಲ್ಲ ಹನಿಗಳು ಕಾಗದದ ಮೇಲೆ ಬಿದ್ದವು. ಒರೆಸಲು ಹೋಗಲಿಲ್ಲ, ಬೀಳಲು ಬಿಟ್ಟಳು. ನಾವು ಭಜಿ ತಿನ್ನುತ್ತಾ ಹುಚ್ಚಿ ಎಂದು ನಕ್ಕೆವು. ಆಮೇಲೆ ಆ ಹಾಳೆಯನ್ನು ಟಪರಿಯ ಬೆಂಚಿನ ಮೇಲೆ ಇಟ್ಟಾಗ ಯಾರೂ ನಗಲಿಲ್ಲ. ಹನಿ ಬಿದ್ದಲ್ಲೆಲ್ಲ ಬೂದುಬಣ್ಣ ಒಡೆದು ಬಿಳಿಯ ಹೂವಾಗಿತ್ತು. ಆಚೆ ದಡದ ಗುಡ್ಡ ಕರಗಿ ನೀರಿಗೆ ಇಳಿಯುತ್ತಿತ್ತು. ಚಿತ್ರದಲ್ಲಿ ಮಳೆ ಇರಲಿಲ್ಲ, ಮಳೆಯೇ ಬಂದು ಅಲ್ಲಿ ಕೂತಿತ್ತು — ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಹೆಸರು ಬೇಡ. ಇಷ್ಟು ವರ್ಷ ಬಯಲು ಬಯಲು ಎಂದು ಭಾಷಣ ಮಾಡಿದವನು ಟಪರಿಗೆ ಓಡಿ ಬಂದಿದ್ದೆ. ಮೊನ್ನೆ ಮೊನ್ನೆ ಕುಂಚ ಹಿಡಿದವಳು ಮಳೆಯಲ್ಲಿ ನಿಂತಿದ್ದಳು. ನನ್ನ ಚಿತ್ರ ಒಣಗಿತ್ತು, ಅಚ್ಚುಕಟ್ಟಾಗಿತ್ತು, ಸತ್ತಿತ್ತು.

ಆ ವಾರ ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು, ಅದೇ ನೋಟವನ್ನು ಇನ್ನೊಂದು ಹಾಳೆಯ ಮೇಲೆ ಮನೆಯಲ್ಲೇ ಬರೆದೆ. ಬಣ್ಣದ ಮೇಲಿನ ನೀರಿನ ಹೊಳಪು ಆರುವ ತನಕ ಕಾದು, ಹಸಿ ಇನ್ನೂ ಉಳಿದಿರುವಾಗಲೇ ಬ್ರಷ್ಷಿನಿಂದ ಹನಿ ಚಿಮುಕಿಸಿದೆ. ಅದಕ್ಕಿಂತ ಮೊದಲು ಚಿಮುಕಿಸಿದರೆ ಹನಿ ಕಲಸಿಹೋಗುತ್ತದೆ, ಆಮೇಲೆ ಚಿಮುಕಿಸಿದರೆ ಕಲೆ ಬೀಳುವುದಿಲ್ಲ. ಮೂರು ಹಾಳೆ ಕೆಡಿಸಿದ ಮೇಲೆ ಇದು ತಿಳಿಯಿತು. ನನ್ನ ಹೆಂಡತಿ ಬಂದು, ಕಟ್ಟೆ ತುಂಬ ನೀರು ನೋಡಿ, ಒಳಗೆ ಕೂತು ಮಳೆ ಸುರಿಸುತ್ತಿದ್ದೀರಾ ಎಂದು ತಮಾಷೆ ಮಾಡಿ ಹೋದಳು. ನನಗೆ ನಗು ಬರಲಿಲ್ಲ. ಮುಂದಿನ ಭಾನುವಾರ ಆ ಹಾಳೆಯನ್ನು ಗುಂಪಿಗೆ ತೋರಿಸಿ, ಆವತ್ತು ನೀವೆಲ್ಲ ಹೋದ ಮೇಲೆ ನಾನು ಮತ್ತೆ ಮಳೆಯಲ್ಲಿ ನಿಂತೆ ಎಂದೆ. ಎಷ್ಟು ಸುಲಭವಾಗಿ ಬಂತು ಆ ಮಾತು…

ಗಣಪತಿ ಹಬ್ಬದ ನಂತರ ಗುಂಪಿನ ಪ್ರದರ್ಶನವಿತ್ತು. ಚಿತ್ರ ಆರಿಸಲು ಎಲ್ಲರೂ ಸೇರಿದ್ದೆವು. ಗಿರಿಜಾಳ ಮಳೆಯ ಚಿತ್ರವೇ ಬಾಗಿಲಿನ ಎದುರು ಇರಲಿ ಎಂದು ಎಲ್ಲರೂ ಹೇಳುತ್ತಿದ್ದಾಗ ಅವಳೇ ತಡೆದಳು. ಆವತ್ತು ಹಿಂದಿರುಗುವಾಗ ಗಾಡಿಯಲ್ಲಿ ಹಾಳೆ ಇನ್ನೂ ಹಸಿಯಿತ್ತಂತೆ. ಗದ್ದಲದಲ್ಲಿ ಯಾರದೋ ಕೈ ತಗುಲಿ ದಡದ ಮರ ಅಳಿಸಿತಂತೆ. ಮನಸ್ಸು ತಡೆಯದೆ ಕುಂಚ ತೆಗೆದು ಒಂದೆರಡು ಕೊಂಬೆ ಸರಿಮಾಡಿದಳಂತೆ. ಯಾರೂ ಕೇಳಿರಲಿಲ್ಲ, ಕಂಡುಹಿಡಿಯುವುದು ಸಾಧ್ಯವೂ ಇರಲಿಲ್ಲ. ನಿಯಮ ಇದೆಯಲ್ಲ, ಹೇಳಿಬಿಡೋಣ ಎಂದು ಹೇಳಿದಳು.

ಹೋಗಲಿ ಬಿಡಿ ಎಂದು ಎಲ್ಲರೂ ಅನ್ನುವವರಿದ್ದರು. ನಾನು ಬಿಡಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಮರಾಠಿಯಲ್ಲಿ ಹೇಳಿದೆ:

“ನಿಯಮ ಮ್ಹಣಜೇ ನಿಯಮ, ಗಿರಿಜಾತಾಯಿ.”

ನಿಯಮವೆಂದರೆ ನಿಯಮ. ಅಷ್ಟಕ್ಕೇ ನಿಲ್ಲಿಸದೆ, ರೈಲಿನಲ್ಲಿ ಮುಗಿಸಿದ ಚಿತ್ರವನ್ನು ಬಯಲಿನ ಚಿತ್ರ ಎಂದು ತೋರಿಸುವುದು ನೋಡುವವರಿಗೆ ಮೋಸ ಎಂದೂ ಸೇರಿಸಿದೆ. ಮೋಸ ಎಂಬ ಪದವನ್ನು ನಾನು ಬಳಸಿದೆ — ನಾನು. ಗಿರಿಜಾ ಮುಖ ಕೆಂಪಗೆ ಮಾಡಿಕೊಂಡು, ಅಣ್ಣಾರು ಹೇಳಿದ್ದು ಸರಿ ಎಂದು ಹಾಳೆಯನ್ನು ಚೀಲದೊಳಗೆ ಇಟ್ಟುಕೊಂಡಳು. ಬಾಗಿಲಿನ ಎದುರು ನನ್ನ ಅಡುಗೆಮನೆಯ ಮಳೆ ನೇತಾಡಿತು. ಪಾವಸವಾಲೇ ಕಾಕಾ, ಅಂದರೆ ಮಳೆಯ ಕಾಕಾ, ಎಂಬ ಹೆಸರು ನನಗೆ ಬಂದದ್ದು ಆ ಪ್ರದರ್ಶನದಲ್ಲಿ. ಆಮೇಲೆ ಆ ಚಿತ್ರವನ್ನು ಅಂಗಡಿಯಲ್ಲಿ, ಗಿರಾಕಿಗಳ ಕಣ್ಣಿಗೆ ಬೀಳುವಂತೆ ನನ್ನ ಕುರ್ಚಿಯ ಹಿಂದೆ ಹಾಕಿದೆ.

ಇಲ್ಲಿಗೂ ಮುಗಿಯಲಿಲ್ಲ. ಪ್ರದರ್ಶನದ ಕೊನೆಯ ದಿನ ಗಿರಿಜಾ ನನ್ನ ಚಿತ್ರದ ಮುಂದೆ ತುಂಬ ಹೊತ್ತು ನಿಂತಿದ್ದು, ನನ್ನ ಹತ್ತಿರ ಬಂದಳು.

“ಅಣ್ಣಾರ, ನಂದು ಹೆಂಗೋ ಆಗಿಬಿಟ್ಟಿತ್ತು. ನೀವು ತಿಳದು ಮಾಡೀರಿ. ಈ ಹನಿ ಹೆಂಗ ಹಿಡೀಬೇಕು, ನನಗ ಕಲಸ್ರಿ.”

ನನಗೆ ಗೊತ್ತಿತ್ತು. ಹೊಳಪು ಆರುವ ತನಕ ಛತ್ರಿ ಹಿಡಿ, ಆರಿದ ಕೂಡಲೇ ಸರಿಸು — ಒಂದೇ ವಾಕ್ಯ. ಆ ವಾಕ್ಯ ಸಿಕ್ಕರೆ ಅವಳು ಇನ್ನೊಂದು ಚಿತ್ರ ಬರೆಯುತ್ತಾಳೆ, ನನ್ನದರ ಪಕ್ಕದಲ್ಲಿ ಅದನ್ನು ಇಟ್ಟ ದಿನ ನಿಜವಾದ ಮಳೆ ಯಾವುದೆಂದು ಕುರುಡನಿಗೂ ಕಾಣುತ್ತದೆ. ಹಾಗಾಗಿ ನಾನು ಕನ್ನಡದಲ್ಲಿ, ಅಣ್ಣನ ಧ್ವನಿಯಲ್ಲಿ, ಸುಳ್ಳು ಪಾಠ ಹೇಳಿದೆ. ಹಾಳೆಯನ್ನು ಎರಡೂ ಬದಿ ಚೆನ್ನಾಗಿ ನೆನೆಸಬೇಕು, ಬಣ್ಣ ಹಾಕಿದ ಕೂಡಲೇ ಛತ್ರಿ ತೆಗೆದು ಮಳೆಗೆ ಒಡ್ಡಬೇಕು, ಹೆದರಿ ಮುಚ್ಚಬಾರದು ಎಂದೆ. ಹಾಗೆ ಮಾಡಿದರೆ ಬಣ್ಣವೆಲ್ಲ ತೊಳೆದು ಹೋಗುತ್ತದೆ. ಜಲವರ್ಣದಲ್ಲಿ ಕೈ ಆಡಿಸಿದ ಯಾರಿಗಾದರೂ ಇದು ಗೊತ್ತು. ಆದರೆ ಹೇಳಿದವನು ಅಣ್ಣಾರು, ಗೋಡೆಯ ಮೇಲೆ ಸಾಕ್ಷಿಯೂ ಇದೆ.

ಮರು ವರ್ಷದ ಮಳೆಗಾಲವಿಡೀ ಅವಳು ನಾನು ಹೇಳಿದಂತೆಯೇ ಮಾಡಿದಳು. ನಾವೆಲ್ಲ ಟಪರಿಯ ಕೆಳಗೆ, ಅವಳು ಮಳೆಯಲ್ಲಿ. ಪ್ರತಿ ಭಾನುವಾರವೂ ತೊಳೆದುಹೋದ ಒಂದು ಹಾಳೆ. ನೋಡುತ್ತಾ ಚಹಾ ಕುಡಿದೆ. ತಾಳ್ಮೆ ಬೇಕು ಎಂದು ಧೈರ್ಯ ಕೂಡ ಹೇಳಿದೆ. ಒಂದು ಸಲ ಜ್ವರ ಬಂದು ಎರಡು ಭಾನುವಾರ ಬರಲಿಲ್ಲ. ಮೂರನೆಯ ಭಾನುವಾರ ಬಂದು ಮತ್ತೆ ಮಳೆಯಲ್ಲೇ ನಿಂತಳು. ದಸರೆಯ ಹೊತ್ತಿಗೆ ಬರುವುದು ನಿಂತಿತು. ಮನೆಯಲ್ಲಿ ಕೆಲಸ ಹೆಚ್ಚು ಎಂದು ಯಾರ ಹತ್ತಿರವೋ ಹೇಳಿ ಕಳಿಸಿದ್ದಳು. ನನಗೆ ಸಮಾಧಾನವಾಯಿತು. ಇದನ್ನೂ ಬರೆಯಬೇಕು — ಸಮಾಧಾನವಾಯಿತು.

ವರ್ಷಗಳು ಹೋದವು. ಈ ಸಲ ಮಳೆ ಶುರುವಾಗುತ್ತಿದ್ದಂತೆ ಗುಂಪಿಗೆ ಹೊಸದಾಗಿ ಸೇರಿದವರು ಒಂದು ಆಸೆ ಹೇಳಿದರು. ಕಾಕಾ, ನಮ್ಮ ಮುಂದೆ ಒಮ್ಮೆ ಮಳೆಯಲ್ಲಿ ಬರೆದು ತೋರಿಸಿ ಎಂದು. ಬರುವ ಭಾನುವಾರ ಖಡಕವಾಸಲಾದಲ್ಲಿ ಎಂದು ದಿನವನ್ನೂ ಅವರೇ ಗೊತ್ತುಮಾಡಿದರು. ಮೊಣಕಾಲು ನೋವು ಎನ್ನಬಹುದಿತ್ತು, ನಂಬುತ್ತಿದ್ದರು. ಅವರು ಕಲಿಯಬೇಕೆಂದು ಕೇಳಿದ್ದನ್ನು ಕೇಳುತ್ತಾ ಕೂತಾಗ, ಹಿಂದೆ ಹೀಗೆಯೇ ಕೇಳಿದವಳ ಮುಖ ಕಣ್ಣ ಮುಂದೆ ಬಂತು. ಇನ್ನೊಂದು ನೆಪ ಹೂಡುವ ಶಕ್ತಿ ಇದ್ದರೂ ಹೂಡಲಾರೆ ಎಂದು ಆಗಲೇ ನಿರ್ಧಾರ ಮಾಡಿದೆ. ಅಂಗಡಿಗೆ ಹೋಗಿ ಚಿತ್ರ ಕೆಳಗಿಳಿಸಿದೆ. ಮರುದಿನ ದೌಂಡಕ್ಕೆ ಗಾಡಿ ಹತ್ತಿದೆ.

ಗಿರಿಜಾ ಬಾಗಿಲು ತೆಗೆದಳು, ಸಂತೋಷಪಟ್ಟಳು. ಗಂಡ ಡ್ಯೂಟಿಗೆ ಹೋಗಿದ್ದ. ಹಿಂದೆ ಬಣ್ಣ ಬಳಿಯುತ್ತಿದ್ದ ಅವಳ ಅಗಲ ಕುಂಚ ಹೊಲಿಗೆ ಯಂತ್ರದ ಮೇಲಿತ್ತು. ಈಗ ಅದರಿಂದ ಯಂತ್ರದ ಧೂಳು ತೆಗೆಯುತ್ತಿದ್ದಳು. ಚಹಾ ಬೇಡ, ಮೊದಲು ಕೂತು ಕೇಳು ಎಂದೆ. ಹಲ್ಲುಜ್ಜುವ ಬ್ರಷ್ಷಿನಿಂದ ಶುರುಮಾಡಿ ಸುಳ್ಳು ಪಾಠದ ತನಕ ಒಂದನ್ನೂ ಬಿಡದೆ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಆ ನಿನ್ನ ಚಿತ್ರ ಎಲ್ಲಿದೆ, ಎಲ್ಲರಿಗೂ ತೋರಿಸೋಣ, ನಾನೇ ಒಯ್ಯುತ್ತೇನೆ ಎಂದೆ. ಅದೊಂದು ಉಳಿದಿದ್ದರೆ ಎಷ್ಟೋ ಸರಿಹೋಗುತ್ತದೆ ಎಂದು ಗಾಡಿಯಲ್ಲೆಲ್ಲ ಲೆಕ್ಕ ಹಾಕಿಕೊಂಡು ಬಂದಿದ್ದೆ.

“ಅದು ಎಲ್ಲಿ ಉಳೀತದರಿ ಅಣ್ಣಾರ? ಹೆಂಗೂ ನಿಯಮಕ್ಕ ಕೂಡ್ಲಿಲ್ಲ, ಹಿಂದಿನ ಬದಿ ಖಾಲಿ ಇತ್ತು. ಹೊಸಾ ಹಾಳಿ ಯಾಕ ಕೆಡಸೂದು ಅಂತ, ನೀವು ಹೇಳಿಕೊಟ್ಟದ್ದನ್ನ ಮೊದಲ ಅದರ ಮ್ಯಾಲೇ ಮಾಡಿ ನೋಡಿದೆ. ಎರಡೂ ಬದಿ ನೆನಸ್ರಿ ಅಂದಿದ್ರಲ್ಲಾ.”

ಎರಡೂ ಬದಿ ನೆನೆಸಿದಾಗ ಮುಂದಿನ ಬದಿಯ ಮಳೆಯೂ ತೊಳೆದುಹೋಗಿತ್ತು. ಖಾಲಿ ಬದಿಯನ್ನು ನಾವೆಲ್ಲ ಬಳಸುತ್ತೇವೆ. ಕೆಟ್ಟ ಹಾಳೆಯನ್ನು ಎಸೆಯಬೇಡಿ, ತಿರುವಿ ಹಾಕಿ ಎಂದು ಹೊಸಬರಿಗೆ ಮೊದಲು ಹೇಳಿಕೊಡುವವನೇ ನಾನು. ಅದನ್ನು ಕೆಟ್ಟ ಹಾಳೆ ಮಾಡಿದವನೂ ನಾನು.

ಮತ್ತೆ ಗುಂಪಿಗೆ ಬಾ ಎಂದು ನಾನು ಕರೆಯಲಿಲ್ಲ, ಕರೆಯುವ ಮುಖ ಇರಲಿಲ್ಲ. ಭಾನುವಾರ ಎಲ್ಲರ ಮುಂದೆ ಹೇಳುತ್ತೇನೆ ಎಂದಷ್ಟೇ ಹೇಳಿ ಎದ್ದೆ. ಗಿರಿಜಾ ಬಾಗಿಲ ತನಕ ಬಂದಳು. ಅಣ್ಣಾರ ಎಂದು ಈ ಸಲ ಅನ್ನಲಿಲ್ಲ.

“ಮರಾಠಿಯೊಳಗ ಹೇಳ್ರಿ. ಅವತ್ತ ನನಗ ಮೋಸ ಅಂದದ್ದು ಮರಾಠಿಯೊಳಗ ಇತ್ತು. ನಮ್ಮ ನಮ್ಮೊಳಗಿನ ಮಾತು ಅಂತ ಕನ್ನಡದಾಗ ಮುಗಿಸಬ್ಯಾಡ್ರಿ.”

ಇವತ್ತು ಶನಿವಾರ. ನಾನು ಇದನ್ನು ಕನ್ನಡದಲ್ಲಿ ಬರೆದಿದ್ದೇನೆ, ಯಾಕೆಂದರೆ ನನ್ನ ಮನಸ್ಸು ಅಡಗಿ ಕೂರುವ ಜಾಗವೂ ಇದೇ ಭಾಷೆ. ಮೊದಲು ಇಲ್ಲಿಂದ ಅದನ್ನು ಹೊರಗೆಳೆಯಬೇಕಿತ್ತು. ಆದರೆ ಬರೆದು ಮುಗಿಯಿತು ಎಂದು ಕೈ ತೊಳೆದುಕೊಳ್ಳಲು ಅದನ್ನು ಬಿಡುವುದಿಲ್ಲ. ನಾಳೆ ಬೆಳಿಗ್ಗೆ ಆ ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಹೋಗುತ್ತೇನೆ. ಮಳೆ ಇರಲಿ, ಇಲ್ಲದಿರಲಿ, ಯಾರೂ ಹಾಳೆ ಬಿಚ್ಚುವ ಮೊದಲು ಎದ್ದು ನಿಂತು, ಇದರ ಮಳೆ ಸುಳ್ಳು, ಗಿರಿಜಾಳ ಮಳೆ ನಿಜವಾಗಿತ್ತು, ಅದನ್ನು ನಾನು ಹಾಳು ಮಾಡಿಸಿದೆ, ಮೋಸ ಮಾಡಿದವನು ನಾನು ಎಂದು ಮರಾಠಿಯಲ್ಲಿ ಹೇಳುತ್ತೇನೆ. ಮಾತು ತಡವರಿಸಬಾರದು ಎಂದು ಬೆಳಗಿನಿಂದ ಬಾಯಿಪಾಠ ಮಾಡುತ್ತಿದ್ದೇನೆ. ಮೋಸ ಎಂಬ ಪದಕ್ಕೆ ಬಂದಾಗ ನಾಲಿಗೆ ನಿಲ್ಲುತ್ತದೆ. ಅದನ್ನು ದಾಟಿಸಿ, ಮತ್ತೆ ಮೊದಲಿನಿಂದ ಹೇಳಿಕೊಳ್ಳುತ್ತಿದ್ದೇನೆ.