ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಓಡುತ್ತಿದ್ದ ಪ್ರೋಗ್ರಾಂ

ಪ್ರೋಗ್ರಾಂ ಬರೆಯುವವರಿಗೆಲ್ಲ ಬಾಯಿಪಾಠವಾದ ಮಾತೊಂದಿದೆ: 'ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಓಡುತ್ತಿದೆಯಲ್ಲ!' ಇದನ್ನು ಹಾಲು ತಂದು ಸಾಲಿನಲ್ಲಿ ನಿಂತವರ ಎದುರು ಹೇಳಿ ನೋಡಿ. ಕ್ಯಾನು ತಲೆಗೆ ಬೀಳದಿದ್ದರೆ ನಿಮ್ಮ ಪುಣ್ಯ.

ಬಂಗಾರಪೇಟೆ ಪಕ್ಕದ ಹಳ್ಳಿಯೊಂದರ ಹಾಲಿನ ಡೇರಿಗೆ ನಾನೊಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಹಾಲು ಹಾಕುವವರ ನಂಬರ್ ಒತ್ತಿದರೆ ಎಷ್ಟು ಲೀಟರ್, ಎಷ್ಟು ಫ್ಯಾಟ್ ಎಂದು ಚೀಟಿ ಬರಬೇಕು. ಅಷ್ಟೇ. ಬರೆಸಿದವರು ಅಲ್ಲಿನ ಸೆಕ್ರೆಟರಿ. ನನಗಿಂತ ಹಿರಿಯರು, ನಮ್ಮಮ್ಮನ ಊರಿನವರು, ಹಾಗಾಗಿ ನನಗೆ ಅಕ್ಕ. ಆ ಕುರ್ಚಿಗೆ ಬಂದ ಮೊದಲ ಹೆಂಗಸು. ಕಂಪ್ಯೂಟರ್ ಬೇಕೇ ಬೇಕೆಂದು ಹಟ ಹಿಡಿದು ಇಡೀ ಊರನ್ನು ಒಪ್ಪಿಸಿದ್ದರು.

ಉರಿಗಾಂನ ನಮ್ಮ ಮನೆಯಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲಿ, ಅದು ಒಂದು ಸಲವೂ ಮುಗ್ಗರಿಸಲಿಲ್ಲ. ಬರೆದು ಮುಗಿಸಿದ ಖುಷಿಗೆ, ತೆರೆದ ಕೂಡಲೇ ಕಾಣುವಂತೆ ನಮ್ಮ ಬೀದಿಯ ಮಾರಿಯಮ್ಮನ ಫೋಟೊ ಹಾಕಿದೆ. ನಮ್ಮ ಕಡೆ ಆಟೋ ಗಾಜಿನಿಂದ ಮದುವೆ ಕಾರ್ಡಿನವರೆಗೆ, ಮೇಲೆ ದೇವರಿಲ್ಲದೆ ಯಾವುದೂ ಶುರುವಾಗುವುದಿಲ್ಲ. ಪ್ರೋಗ್ರಾಂಗೇನು ಕೊಂಬಿದೆಯೇ?

ಮಾರನೆಯ ಬೆಳಿಗ್ಗೆ ಡೇರಿಯ ಕಂಪ್ಯೂಟರಿಗೆ ಹಾಕಿ ಕ್ಲಿಕ್ ಮಾಡಿದರೆ, ಪರದೆ ಒಮ್ಮೆ ಮಿಣುಕಿ ಪ್ರೋಗ್ರಾಂ ಮುಚ್ಚಿಕೊಂಡಿತು. ಮತ್ತೆ ಒತ್ತಿದೆ. ಮತ್ತೆ ಅದೇ. ಯಾಕೆಂದು ಒಂದಕ್ಷರ ಹೇಳಲಿಲ್ಲ.

"ಏನ್ಲಾ, ನಮ್ಮುನ್ನ ನೋಡಿ ನಾಚ್ಕೊಂತದಾ?" ಎಂದರು ಅಕ್ಕ.

ಸಾಲಿನಲ್ಲಿದ್ದ ಯಜಮಾನರೊಬ್ಬರಿಗೆ ಇಷ್ಟೇ ಬೇಕಿತ್ತು. "ನಾನ್ ಏಳಿರ್ಲಿಲ್ವಾ? ಎಂಗುಸ್ರು ಕೈಗೆ ಕೊಟ್ರೆ ಇಂಗೇಯ. ಬೇಗ ಕೈನಾಗೆ ಬರ್ಕೊಳವ್ವಾ, ಆಲು ಒಡ್ದೋತದೆ!"

ಅಕ್ಕ ಹಳೆಯ ಪುಸ್ತಕ ತೆರೆದು ಕೈಯಲ್ಲೇ ಬರೆದರು. ಸಾಲು ಕರಗಿದ ಮೇಲೆ ನನ್ನನ್ನು ಮೂಲೆಗೆ ಕರೆದರು. "ಸಾಯಂಕಾಲದ ಆಲಿಗೂ ಇದು ಓಡ್ಲಿಲ್ಲ ಅಂದ್ರೆ ಈ ಡಬ್ಬ ಎತ್ಕೊಂಡ್ ಓಗ್ಬಿಡು ತಮ್ಮ. ಆಮೇಲೆ ಈ ಊರ್ನಾಗೆ ನನ್ ಮಾತು ಯಾರೂ ಕೇಳಕಿಲ್ಲ."

ಕಂಪ್ಯೂಟರಿನ ಡಬ್ಬವನ್ನು ಆಟೋಗೆ ಹಾಕಿಕೊಂಡು ರಾಬರ್ಟ್‌ಸನ್‌ಪೇಟೆಗೆ ಬಂದೆ. ನನ್ನ ಅನುಮಾನವೆಲ್ಲ ಹಳ್ಳಿಯ ಕರೆಂಟಿನ ಮೇಲೆ. ಫೋಟೊ ಸ್ಟುಡಿಯೊ ಇಟ್ಟಿರುವ ಗೆಳೆಯನ ಅಂಗಡಿಯಲ್ಲಿ ಸಿಕ್ಕಿಸಿದರೆ ಅಲ್ಲೂ ಮುಚ್ಚಿಕೊಂಡಿತು. ಅವನ ಸ್ವಂತ ಕಂಪ್ಯೂಟರಿಗೆ ಹಾಕಿದೆ. ಅದೇ ಕಥೆ. ಕರೆಂಟಿನದೂ ತಪ್ಪಿಲ್ಲ, ಡಬ್ಬದ್ದೂ ತಪ್ಪಿಲ್ಲ.

"ಎನ್ನ ಮಚ್ಚಾ, ನಿನ್ ಪ್ರೋಗ್ರಾಂ ಉರಿಗಾಂ ದಾಟಿದ್ರೆ ಪ್ರಾಣ ಬಿಡ್ತದಾ?" ಎಂದು ಗೆಳೆಯ ತನ್ನ ತಮಿಳು ಬೆರೆತ ಕನ್ನಡದಲ್ಲಿ ಕೇಳಿ, ಹೊಟ್ಟೆ ಹಿಡಿದು ನಕ್ಕ.

ಆಂಟಿವೈರಸ್ ಆಫ್ ಮಾಡಿ ನೋಡಿದೆ. ಪ್ರಿಂಟರ್ ಕಿತ್ತು ನೋಡಿದೆ. ಲೀಟರ್, ಫ್ಯಾಟ್ ಲೆಕ್ಕದ ಭಾಗವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿದೆ. ಅಲ್ಲಿ ಏನೂ ಕೆಟ್ಟಿರಲಿಲ್ಲ. ಅಷ್ಟರಲ್ಲಿ ಸಂಜೆ ಹಾಲಿನ ಹೊತ್ತಾಯಿತು. ಡಬ್ಬವನ್ನೂ ಲ್ಯಾಪ್‌ಟಾಪನ್ನೂ ಹೊತ್ತು, ಸಪ್ಪೆ ಮುಖದಲ್ಲಿ ವಾಪಸು ಹೋದೆ.

ಅಕ್ಕ ಊದುಬತ್ತಿ, ಕುಂಕುಮ ಇಟ್ಟುಕೊಂಡು ಕಾಯುತ್ತಿದ್ದರು. "ಪೂಜೆ ಇಲ್ದೆ ಶುರು ಮಾಡ್ದೆ, ಅದ್ಕೇಯ ಇಂಗಾಗಿರಾದು."

ನನಗೆ ರೇಗಿತು. "ಅಕ್ಕಾ, ದೇವ್ರು ಒಳಗೇ ಅವಳೆ. ತೆಗೆದ್ರೆ ಮೊದ್ಲು ಬರೋದೇ ಮಾರಿಯಮ್ಮ!"

"ಎಲ್ಲವಳ್ಲಾ? ಬೆಳಿಗ್ಗೆ ಅಷ್ಟ್ ಸಲ ಒತ್ತಿದ್ಯಲ್ಲ, ನಂಗೊಂದ್ ಸಲಾನೂ ಕಾಣ್ಲಿಲ್ಲ."

ಹೌದಲ್ಲ, ಎಲ್ಲಿದ್ದಾಳೆ? ನನ್ನ ಬ್ಯಾಗಿನಲ್ಲಿ! ಫೋಟೊ ಇದ್ದದ್ದು ನನ್ನ ಲ್ಯಾಪ್‌ಟಾಪಿನ ಒಂದು ಫೋಲ್ಡರಿನಲ್ಲಿ. ಪ್ರೋಗ್ರಾಂ ತೆರೆದ ತಕ್ಷಣ ಆ ಫೋಲ್ಡರಿಗೆ ಹೋಗಿ ಅಮ್ಮನನ್ನು ಹುಡುಕುತ್ತಿತ್ತು. ಬೇರೆಯವರ ಕಂಪ್ಯೂಟರಿನಲ್ಲಿ ಆ ಫೋಲ್ಡರೂ ಇಲ್ಲ, ಅಮ್ಮನೂ ಇಲ್ಲ. ಮುಂದೇನು ಮಾಡಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ, ಅದು ಅಲ್ಲೇ ಸಾಯುತ್ತಿತ್ತು. ಇಡೀ ದಿನ ಲೆಕ್ಕದ ಭಾಗವನ್ನು ಜಾಲಾಡಿದವನು ಫೋಟೊ ಕಡೆ ತಿರುಗಿಯೂ ನೋಡಿರಲಿಲ್ಲ. ದೇವರ ಮೇಲೆ ಯಾರಿಗೆ ಅನುಮಾನ ಬರುತ್ತದೆ ಹೇಳಿ?

ಅಲ್ಲೇ ಕೂತು ಫೋಟೊವನ್ನು ಪ್ರೋಗ್ರಾಮಿನ ಒಳಗೇ ಸೇರಿಸಿ, ಪೆನ್‌ಡ್ರೈವಿನಲ್ಲಿ ಡೇರಿಯ ಕಂಪ್ಯೂಟರಿಗೆ ಹಾಕಿದೆ. ಒತ್ತಿದೆ. ಬೇವಿನ ಸೊಪ್ಪು, ಹಳದಿ ಸೀರೆಯ ಅಮ್ಮ ಪರದೆ ತುಂಬ ಬಂದು ನಿಂತಳು. ಅವಳ ಹಿಂದೆಯೇ ನಂಬರ್ ಕೇಳುವ ಖಾನೆಯೂ ಬಂತು. ಅಕ್ಕ ಕೈ ಮುಗಿದರು. ನಾನೂ ಮುಗಿದೆ, ಸುಳ್ಳೇಕೆ ಹೇಳಲಿ.

ಸಾಲಿನಲ್ಲಿ ಮೊದಲು ಬೆಳಗಿನ ಯಜಮಾನರೇ ಇದ್ದರು. ಕೊಟ್ಟ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಫ್ಯಾಟು ಕಮ್ಮಿ ತೋರಿಸ್ತೈತಲ್ಲವ್ವಾ."

"ನೀರು ಕಮ್ಮಿ ಆಕ್ಕೊಂಡ್ ಬಾ ಮಾವ, ಜಾಸ್ತಿ ತೋರಿಸ್ತದೆ," ಎಂದರು ಅಕ್ಕ, ತಲೆ ಎತ್ತದೆ. ಇಡೀ ಸಾಲು ಗೊಳ್ಳೆಂದಿತು. ಯಜಮಾನರೂ ನಕ್ಕರು, ಚೀಟಿಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು.

ಬೋರಲು ಹಾಕಿದ್ದ ಕ್ಯಾನಿನ ಮೇಲೆ ಕೂತು ಟೀ ಕುಡಿದೆ. ಬೆಳಗಿನಿಂದ ಹೊಟ್ಟೆಗೆ ಬಿದ್ದ ಮೊದಲ ಗುಟುಕು. ಸಾಲು ಮುಗಿದ ಮೇಲೆ ಅಕ್ಕ ಪಕ್ಕ ಬಂದು ಮೆಲ್ಲಗೆ ಕೇಳಿದರು: "ಈಯಮ್ಮ ನಿಮ್ ಉರಿಗಾಂ ಅಮ್ಮ ಅಲ್ವಾ? ನಮ್ ಊರ್ ಗಂಗಮ್ಮ ಏನ್ ಪಾಪ ಮಾಡವಳೆ?"

ಟೀ ಲೋಟ ಅಲ್ಲೇ ಇಟ್ಟು, ಫೋನ್ ಹಿಡಿದು ಗಂಗಮ್ಮನ ಗುಡಿಯ ಕಡೆ ಹೊರಟೆ.