ಹಾಲಿನ ಸೊಸೈಟಿಯ ನಂಬರು

ಅಳದಂಗಡಿಯಿಂದ ಎರಡು ಮೈಲು ಒಳಗೆ ಹೋದರೆ ಒಂದು ಹಾಲಿನ ಸೊಸೈಟಿ ಸಿಗುತ್ತದೆ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಲು ಅಳೆಯುವವರು ಸಂಕಪ್ಪಣ್ಣ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು, ತಂದವರ ಕ್ಯಾನಿನಿಂದ ಒಂದಿಷ್ಟು ಹಾಲನ್ನು ಯಂತ್ರಕ್ಕೆ ಹಿಡಿದು, ಬಂದ ಚೀಟಿಯನ್ನು ಮಡಚಿ ಅವರವರ ಕೈಗೇ ಕೊಡುತ್ತಾರೆ. ಮಡಚದೆ ಕೊಟ್ಟದ್ದಿಲ್ಲ. ಯಾರ ಹಾಲು ನೀರು, ಯಾರದ್ದು ಗಟ್ಟಿ ಎಂಬ ಸುದ್ದಿ ಅವರ ಬಾಯಿಂದ ಸ್ವಂತ ಹೆಂಡತಿಗೂ ಸಿಕ್ಕಿಲ್ಲ. ಆಕೆ ಕೇಳಿ ಕೇಳಿ ಸೋತು ಕೈಬಿಟ್ಟಿದ್ದಾರೆ. ಇಂಥ ಮನುಷ್ಯ ಒಮ್ಮೆ ಬಾಯಿಬಿಟ್ಟು ಎಡವಟ್ಟು ಮಾಡಿಕೊಂಡರು ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ಮಾಡಿಕೊಂಡರು.

ಮೂರು ವರ್ಷದ ಹಿಂದೆ ಆರೋಗ್ಯ ಇಲಾಖೆಯವರು ಸೊಸೈಟಿಯ ಜಗಲಿಯಲ್ಲಿ ಮೇಜು ಹಾಕಿ ಎಲ್ಲರಿಗೂ ಆಭಾ ಕಾರ್ಡ್ ಮಾಡಿಕೊಟ್ಟರು. ಇನ್ನು ಆಸ್ಪತ್ರೆಯ ರಿಪೋರ್ಟು, ಮದ್ದಿನ ಚೀಟಿ ಎಲ್ಲ ಕಂಪ್ಯೂಟರಿನಲ್ಲೇ ಸಿಗುತ್ತದೆ, ಫೈಲು ಹೊತ್ತುಕೊಂಡು ತಿರುಗುವುದು ಬೇಡ ಎಂದರು. ಅದಕ್ಕೊಂದು ಮೊಬೈಲ್ ನಂಬರು ಬೇಕು. ತಕರಾರು ಬಂದದ್ದೇ ಅಲ್ಲಿ. ಗುಡ್ಡದ ಆಚೆಯ ಮನೆಗಳಿಗೆ ನೆಟ್‌ವರ್ಕ್ ಇಲ್ಲ. ಕೆಲವರಿಗೆ ಸ್ವಂತ ಫೋನೂ ಇಲ್ಲ. ಗ್ಯಾಸ್ ಬುಕ್ಕಿಂಗ್ ಆಗಲಿ, ಮಕ್ಕಳ ಶಾಲೆಯಾಗಲಿ, ಅವರೆಲ್ಲ ಕೊಡುವುದು ಸಂಕಪ್ಪಣ್ಣನ ನಂಬರನ್ನೇ. ಹೇಗೂ ದಿನಾ ಬೆಳಿಗ್ಗೆ ಹಾಲು ಹಿಡಿದು ಬರುವುದು ಉಂಟಲ್ಲ, ಮೆಸೇಜು ಬಂದಿದ್ದರೆ ಅವರೇ ಓದಿ ಹೇಳುತ್ತಾರೆ. ಆ ದಿನವೂ ಆರು ಮಂದಿ ಹಾಗೆಯೇ ಬರೆಸಿದರು. ಸಂಕಪ್ಪಣ್ಣ ಇಲ್ಲ ಎನ್ನಲಿಲ್ಲ. ಇಲಾಖೆಯವರು ಕೊಟ್ಟ ಪೋಸ್ಟರನ್ನೂ ಗೋಡೆಗೆ ನೆಟ್ಟಗೆ ಅಂಟಿಸಿದರು. ಅದನ್ನು ಓದಲು ಮಾತ್ರ ಪುರುಸೊತ್ತಾಗಲಿಲ್ಲ.

ಆ ಆರು ಮಂದಿಯಲ್ಲಿ ಶಶಿಪ್ರಭಾ ಒಬ್ಬಳು. ಒಂದು ಸಂಜೆ ಅವಳ ಗಂಡನ ಅಣ್ಣ ಕಮಲಾಕ್ಷ ಫೋನ್ ಒತ್ತುತ್ತಲೇ ಸೊಸೈಟಿಗೆ ಬಂದ.

"ಸಂಕಪ್ಪಣ್ಣ, ನಮ್ಮ ಮನೆಯದ್ದೊಂದು ಓಟಿಪಿ ಬಂದಿರ್ಬೇಕು ನೋಡಿ. ಶಶಿಯ ಕಾರ್ಡಿನದ್ದು."

ಬಂದಿತ್ತು. ಕೇಳುತ್ತಿರುವವನು ಮನೆಯವನೇ, ಇದರಲ್ಲೇನು ಎಂದುಕೊಂಡು ಓದಿ ಹೇಳಿಬಿಟ್ಟರು. ಕಮಲಾಕ್ಷ ಅವಳ ದಾಖಲೆ ತೆರೆದ. ಬಾಣಂತನಕ್ಕೆ ಮೂಡಬಿದಿರೆಯ ತಾಯಿಮನೆಯಲ್ಲಿದ್ದಾಗ ಅವಳು ಆರು ತಿಂಗಳು ಮನಸ್ಸಿನ ಡಾಕ್ಟರರಿಂದ ಮದ್ದು ತೆಗೆದುಕೊಂಡದ್ದು ಅದರಲ್ಲಿತ್ತು. ಗುಣವಾಗಿ ವರ್ಷ ದಾಟಿತ್ತು, ಪಾಪ. ಆದರೂ ಅಂದಿನಿಂದ ಆ ಮನೆಯಲ್ಲಿ ಅವಳ ಮಾತಿಗೆ ಬೆಲೆ ಹೋಯಿತು. ಏನು ಹೇಳಿದರೂ ಕಮಲಾಕ್ಷ ನಕ್ಕು, "ಮದ್ದು ತೆಗೊಂಡಿದ್ದೀಯಾ" ಎನ್ನುವನು.

ಮರುವಾರ ಶಶಿಪ್ರಭಾ ಹಾಲು ತಂದಾಗ ಜಗಳ ಮಾಡಲಿಲ್ಲ. ಗೋಡೆಯ ಪೋಸ್ಟರಿನ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ಅಂಟಿಸಿದ್ದು ನೀವೇ ಅಲ್ವಾ?" ಎಂದು ಕೇಳಿ ಹೋದಳು. ಸಂಕಪ್ಪಣ್ಣ ಕನ್ನಡಕ ಹಾಕಿ ಹತ್ತಿರ ಹೋದರು. ನಿಮ್ಮ ಆರೋಗ್ಯ ದಾಖಲೆ ನಿಮ್ಮದು, ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ಅದನ್ನು ನೋಡುವಂತಿಲ್ಲ, ಎಂದಿತ್ತು. ಮನೆಯವರು ನೋಡಬಹುದು ಎಂದು ಎಲ್ಲೂ ಬರೆದಿರಲಿಲ್ಲ. ಹಾಲಿನ ಚೀಟಿ ಮಡಚಿ ಕೊಡುವ ನಾನು ಆ ಹುಡುಗಿಯ ಚೀಟಿಯನ್ನು ಬಿಡಿಸಿ ಊರೆದುರು ಹಿಡಿದೆನಲ್ಲ ಎಂದು ಅವರಿಗೆ ಅನ್ನ ಸೇರಲಿಲ್ಲ. ಎರಡು ದಿನ ಬಿಟ್ಟು, "ತಪ್ಪಾಯ್ತು ಶಶಿ" ಎಂದರು. ಅವಳು ಕ್ಯಾನಿನ ಮುಚ್ಚಳ ಹಾಕಿಕೊಂಡು ಹೊರಟಳು. ಆಮೇಲೆ ದಿನಾ ಬಂದಳು, ಹಾಲು ಕೊಟ್ಟಳು, ಚೀಟಿ ತೆಗೆದುಕೊಂಡಳು. ಬಾಯಿ ತುಂಬ 'ಸಂಕಪ್ಪಣ್ಣ' ಎನ್ನುತ್ತಿದ್ದವಳು ಆ ಹೆಸರನ್ನೇ ಬಿಟ್ಟಳು. ಇನ್ನು ಯಾರ ಓಟಿಪಿಯನ್ನೂ ಆ ಕಾರ್ಡಿನವರನ್ನೇ ಕೇಳದೆ ಕೊಡುವುದಿಲ್ಲ ಎಂದು ಸಂಕಪ್ಪಣ್ಣ ಗಟ್ಟಿ ಮಾಡಿಕೊಂಡರು.

ಎಂಟು ತಿಂಗಳು ಹೀಗೇ ಹೋಯಿತು. ಒಂದು ದಿನ ಬೆಳಿಗ್ಗೆ ಆರೂವರೆಗೆ, ಹಾಲಿನವರ ಸಾಲು ಜಗಲಿ ದಾಟಿ ನಿಂತಿರುವಾಗ, ಅವರ ಫೋನಿಗೆ ಒಂದು ಓಟಿಪಿ ಬಂತು. ಹಿಂದೆಯೇ ಅನ್ಸಾಫ್‌ನ ಕರೆ. ಆ ಆರು ಮಂದಿಯಲ್ಲಿ ಒಬ್ಬರಾದ ಗುಡ್ಡದಾಚೆಯ ನಫೀಸಮ್ಮನ ಮಗ, ರಿಕ್ಷಾ ಓಡಿಸುವವನು. ತಾಯಿಯನ್ನು ಉಜಿರೆಯ ಆಸ್ಪತ್ರೆಗೆ ತಂದಿದ್ದ.

"ಸಂಕಪ್ಪಣ್ಣ, ಉಮ್ಮನಿಗೆ ಜ್ವರ ಏರಿ ಉಸಿರು ಕಟ್ತಾ ಉಂಟು. ಹೋದ ವರ್ಷ ಬಂಟ್ವಾಳದಲ್ಲಿ ಯಾವುದೋ ಇಂಜೆಕ್ಷನ್ ಆಗದೆ ಮೈಯೆಲ್ಲ ಬೀಗಿತ್ತಲ್ಲ, ಅದರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಉಂಟಂತೆ. ಓಟಿಪಿ ಹೇಳಿ ಬೇಗ, ಹತ್ತು ನಿಮಿಷ ಮಾತ್ರ ಇರುದಂತೆ."

ಯಾರಾದರೂ ಹೇಳಿಬಿಡುತ್ತಿದ್ದರು. ಹೆತ್ತ ಮಗ ಕೇಳುತ್ತಿದ್ದಾನೆ, ತಾಯಿಯ ಜೀವದ ಮಾತು. ಆದರೆ ಅಂದು ಶಶಿಯದ್ದನ್ನು ಕೇಳಿದ್ದವನೂ ಮನೆಯವನೇ. ಸಾಲಿನಲ್ಲಿ ಮೂರನೆಯವಳಾಗಿ ಶಶಿಪ್ರಭಾ ಕ್ಯಾನ್ ಹಿಡಿದು ನಿಂತಿದ್ದಳು.

"ಫೋನ್ ಉಮ್ಮನ ಕಿವಿಗೆ ಹಿಡಿ ಅನ್ಸಾಫ್."

"ಅವರಿಗೆ ಮಾತಾಡ್ಲಿಕ್ಕೇ ಆಗುದಿಲ್ಲ."

"ಹಿಡಿ ಮಾರಾಯ. ಒಂದು ಮಾತು ಕೇಳಿ ಕೂಡ್ಲೇ ಹೇಳ್ತೇನೆ."

ಮಾತು ಹೊರಡದಿದ್ದರೆ ಕೊಟ್ಟೇಬಿಡುವುದು, ಪಾಪ ಬಂದರೆ ತನಗೇ ಬರಲಿ ಎಂದು ಒಳಗೆ ನಿಶ್ಚಯ ಮಾಡಿದ್ದರು. ಆ ಕಡೆಯಿಂದ ಏದುಸಿರು ಕೇಳಿಸಿತು.

"ನಫೀಸಮ್ಮ, ನಾನು ಸಂಕಪ್ಪ, ಸೊಸೈಟಿಯಿಂದ. ನಿಮ್ಮ ಹಳೆ ರಿಪೋರ್ಟು ಡಾಕ್ಟರು ನೋಡ್ಬೇಕಂತೆ. ಅದರ ನಂಬರು ನನ್ನಲ್ಲಿ ಉಂಟು. ಕೊಡುದಾ?"

ಉಸಿರು ಎರಡು ಸಲ ಹೋಗಿ ಬಂತು. "ಕೊಡಿ," ಎಂದರು ನಫೀಸಮ್ಮ. ಮತ್ತೆ ಕಷ್ಟಪಟ್ಟು, "ದನಕ್ಕೆ ಹುಲ್ಲು ಹಾಕ್ಲಿಲ್ಲ" ಎಂದರು.

ಸಂಕಪ್ಪಣ್ಣ ಆರು ಅಂಕೆಗಳನ್ನು ಎರಡು ಸಲ ಓದಿ ಹೇಳಿದರು. ಫೋನ್ ಇಟ್ಟು ಮುಂದಿನ ಕ್ಯಾನಿಗೆ ಕೈ ಹಾಕಿದರು. ಯಾರದ್ದೋ ಹಾಲು ನೆಲಕ್ಕೆ ಚೆಲ್ಲಿತು.

"ನಫೀಸಮ್ಮನ ದನಕ್ಕೆ ಹುಲ್ಲು ಹಾಕ್ಲಿಲ್ವಂತೆ," ಎಂದರು, ಯಾರಿಗೆಂದಿಲ್ಲದೆ.

"ನಾನು ಹಾಕ್ತೇನೆ," ಎಂದಳು ಶಶಿಪ್ರಭಾ.

ಅರ್ಧ ಗಂಟೆಯಲ್ಲಿ ಅನ್ಸಾಫ್ ಮತ್ತೆ ಕರೆ ಮಾಡಿದ. ಅವನಿಗೆ ಅಳು ಬಂದು ಮಾತು ತುಂಡಾಗುತ್ತಿತ್ತು. ಡಾಕ್ಟರು ಕೊಡಲು ಹೊರಟಿದ್ದ ಇಂಜೆಕ್ಷನ್ನೇ ಬಂಟ್ವಾಳದಲ್ಲಿ ಆಗದಿದ್ದದ್ದಂತೆ. ರಿಪೋರ್ಟು ನೋಡಿ ಬೇರೆ ಕೊಟ್ಟರು. ಸಂಕಪ್ಪಣ್ಣ ಗೋಡೆಯ ಪೋಸ್ಟರಿಗೇ ಕೈ ಮುಗಿದರು. ಆ ಕಾರ್ಡು ಮಾಡಿಸಿದ ಸರಕಾರಕ್ಕೂ, ಆ ಸಾಲು ಬರೆದ ಪುಣ್ಯಾತ್ಮನಿಗೂ, ಅದರ ಮೇಲೆ ಬೆರಳಿಟ್ಟು ತೋರಿಸಿದವಳಿಗೂ ಸೇರಿ ಒಂದೇ ನಮಸ್ಕಾರ.

ಹನ್ನೆರಡು ದಿನ ಕಳೆದು ನಫೀಸಮ್ಮ ತಾವೇ ಹಾಲು ಹಿಡಿದು ಬಂದರು. ಸೊರಗಿದ್ದರು, ಆದರೆ ಸ್ವರ ಮೊದಲಿನಂತೆಯೇ ಗಟ್ಟಿ ಇತ್ತು.

"ಸಂಕಪ್ಪಣ್ಣ, ಈ ಜೀವಮಾನದಲ್ಲಿ ಎಷ್ಟೋ ಕಾಗದಕ್ಕೆ ನನ್ನ ಹೆಬ್ಬೆಟ್ಟು ಒತ್ತಿಸಿದ್ದಾರೆ. ಒತ್ತುದಾ ಬೇಡ್ವಾ ಅಂತ ನನ್ನಲ್ಲಿ ಕೇಳಿದ್ದು ನೀವೊಬ್ರೇ. ಉಸಿರು ಹೋಗುವ ಹೊತ್ತಿನಲ್ಲಿ ಕೇಳಿದ್ರಲ್ಲ. ದೇವರು ನಿಮ್ಮನ್ನು ಚೆನ್ನಾಗಿಡ್ಲಿ."

"ಅದು ನನ್ನ ಬುದ್ಧಿ ಅಲ್ಲ ನಫೀಸಮ್ಮ. ನನಗೆ ಕಲಿಸಿದವರು ಉಂಟು," ಎಂದರು ಸಂಕಪ್ಪಣ್ಣ. ಹೆಸರು ಹೇಳಲಿಲ್ಲ. ಶಶಿಪ್ರಭಾ ಸಾಲಿನಲ್ಲಿ ಕ್ಯಾನನ್ನು ಕೈಯಿಂದ ಕೈಗೆ ಬದಲಿಸಿದಳು.

ಮುಂದಿನ ಸೋಮವಾರ ಅವಳು ಹೊಸ ಫೋನ್ ತಂದು ಮೇಜಿನ ಮೇಲಿಟ್ಟಳು. "ಮನೆಯಲ್ಲಿ ನೆಟ್‌ವರ್ಕ್ ಸಿಗುದಿಲ್ಲ, ಸಿಗುದು ಇಲ್ಲಿಗೆ ಬಂದ ಮೇಲೆಯೇ. ಆದ್ರೂ ಕಾರ್ಡಿಗೆ ನನ್ನದೇ ನಂಬರು ಇರ್ಲಿ," ಎಂದಳು. ಬದಲಿಸಬೇಕಾದರೆ ಹಳೆಯ ನಂಬರಿಗೊಂದು ಓಟಿಪಿ ಬರುತ್ತದೆ. ಬಂತು. ಸಂಕಪ್ಪಣ್ಣ ಓದಲಿಲ್ಲ. ಫೋನನ್ನು ಅವಳ ಕಡೆಗೆ ತಿರುಗಿಸಿ ಇಟ್ಟು, ತಾವು ಗೋಡೆ ನೋಡುತ್ತಾ ಕುಳಿತರು. ಅವಳು ನಿಧಾನವಾಗಿ ಒಂದೊಂದೇ ಅಂಕೆ ಒತ್ತಿದಳು. ಆಮೇಲೆ ಹಾಲು ಅಳೆಯಿಸಿ, ಮಡಚಿದ ಚೀಟಿಯನ್ನು ತೆಗೆದುಕೊಂಡಳು.

"ಬರ್ತೇನೆ ಸಂಕಪ್ಪಣ್ಣ," ಎಂದಳು.

ಸಂಕಪ್ಪಣ್ಣ ಹ್ಞೂಂ ಎಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ಸಾಲಿನಲ್ಲಿದ್ದವರಿಗೆ ಬೆನ್ನು ಹಾಕಿ, ಆಗಲೇ ತೊಳೆದಿಟ್ಟಿದ್ದ ಅಳತೆಯ ಪಾತ್ರೆಯನ್ನು ಅವರು ಇನ್ನೊಮ್ಮೆ ತೊಳೆಯತೊಡಗಿದರು.